ಲೈಟ್ ಪಾಯಿಂಟ್ ಜಾಗಕ್ಕೆ ಸೀಲಿಂಗ್ ಫ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಕಳೆಯಿತೆಂದರೆ ತುಮಕೂರಿನಲ್ಲಿ ಫ್ಯಾನಿನ ಮಾತು ಶುರು. ಹಾಲಿನಲ್ಲಿ ಫ್ಯಾನ್ ಇರುತ್ತದೆ, ಮಕ್ಕಳು ಮಲಗುವ ರೂಮಿನಲ್ಲಿ ಮಧ್ಯಕ್ಕೆ ಒಂದು ಬಲ್ಬು ಮಾತ್ರ ಇರುತ್ತದೆ. ಅದನ್ನು ತೆಗೆದು ಫ್ಯಾನ್ ಹಾಕೋಣ ಅನ್ನುವ ಯೋಚನೆ ಆಗ ಎಲ್ಲರಿಗೂ ಬರುತ್ತದೆ. ವೈರಿಂಗ್ ಕೆಲಸಕ್ಕೆ ಹೋದ ಮನೆಗಳಲ್ಲಿ, ಫೋನಿನಲ್ಲಿ, ಅಂಗಡಿಯ ಕಟ್ಟೆ ಮೇಲೆ ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ವೈರಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಸೂರಿನ ಬಗ್ಗೆ ಕೇಳುವವರು ಕಡಿಮೆ. ನನ್ನ ಉತ್ತರಗಳಲ್ಲಿ ಸೂರಿನ ಮಾತು ಜಾಸ್ತಿ ಇರುವುದು ಅದಕ್ಕೇ.

## ಶುರುವಿನ ಪ್ರಶ್ನೆಗಳು

ಲೈಟ್ ಇದ್ದ ಜಾಗಕ್ಕೆ ಫ್ಯಾನ್ ಹಾಕಬಹುದಾ ಅಣ್ಣಾ? ಕರೆಂಟ್ ಹೇಗೂ ಬಂದಿದೆಯಲ್ಲಾ?

ಹಾಕಬಹುದು. ಆದರೆ ಕರೆಂಟ್ ಬಂದಿದೆ ಅನ್ನುವುದು ಅರ್ಧ ಮಾತು. ಬಲ್ಬಿನ ಹೋಲ್ಡರ್ ಎರಡು ಸಣ್ಣ ಸ್ಕ್ರೂ ಮೇಲೆ ನಿಂತಿರುತ್ತದೆ, ಅದಕ್ಕೆ ಅಷ್ಟು ಸಾಕು. ಸೀಲಿಂಗ್ ಫ್ಯಾನ್ ನಾಲ್ಕೈದು ಕೆಜಿ ತೂಗುತ್ತದೆ. ಬರೀ ತೂಗುವುದಲ್ಲ, ದಿನಕ್ಕೆ ಹತ್ತು ಹನ್ನೆರಡು ತಾಸು ತಿರುಗುತ್ತಾ ತನ್ನ ಹುಕ್ಕನ್ನು ಅಲ್ಲಾಡಿಸುತ್ತಲೇ ಇರುತ್ತದೆ. ಅದರ ಕೆಳಗೆ ನಾವು ಮಲಗುತ್ತೇವೆ.

ಹಾಗಾಗಿ ಮೂರು ವಿಷಯ ನೋಡಬೇಕು. ಸೂರು ಭಾರ ಹೊರುತ್ತದಾ? ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ತ್ ವೈರ್ ಪಾಯಿಂಟಿಗೆ ಬಂದಿದೆಯಾ? ಸ್ವಿಚ್ ಬೋರ್ಡಿನಲ್ಲಿ ರೆಗ್ಯುಲೇಟರಿಗೆ ಜಾಗ ಇದೆಯಾ? ಮೂರಕ್ಕೂ ಹೌದು ಅಂದರೆ ಕೆಲಸ ಸಲೀಸು. ಮೊದಲನೆಯದಕ್ಕೆ ಇಲ್ಲ ಅಂದರೆ ಅದನ್ನು ಸರಿ ಮಾಡುವ ತನಕ ಫ್ಯಾನಿನ ಡಬ್ಬ ಬಿಚ್ಚಬೇಡಿ.

ಬಲ್ಬಿಗೆ ಅಂತ ಎಳೆದ ತೆಳ್ಳನೆ ವೈರು ಫ್ಯಾನನ್ನು ತಡೆಯುತ್ತಾ? ಸುಟ್ಟುಹೋಗಲ್ವಾ?

ತಡೆಯುತ್ತದೆ. ಸಾಮಾನ್ಯ ಫ್ಯಾನ್ 70ರಿಂದ 80 ವಾಟ್. 230 ವೋಲ್ಟಿನಲ್ಲಿ ಅದು ಎಳೆಯುವುದು ಒಂದು ಆಂಪಿಯರ್‌ನ ಮೂರನೇ ಒಂದು ಭಾಗದಷ್ಟು. ಹಿಂದೆ 100 ವಾಟಿನ ಗುಂಡು ಬಲ್ಬು ಇದಕ್ಕಿಂತ ಜಾಸ್ತಿ ಎಳೆಯುತ್ತಿತ್ತು. 1 ಚದರ ಮಿಲಿಮೀಟರ್ ತಾಮ್ರದ ವೈರಿದ್ದರೆ ಯೋಚನೆಯೇ ಬೇಡ. ಹೊಸದಾಗಿ ಎಳೆಯುವುದಾದರೆ ನಾನು 1.5 ಹಾಕುತ್ತೇನೆ, ಐಎಸ್ಐ ಗುರುತು ನೋಡಿ ತರುತ್ತೇನೆ.

ತೊಂದರೆ ಇರುವುದು ವೈರಿನ ವಯಸ್ಸಿನಲ್ಲಿ. ಚಿಕ್ಕಪೇಟೆ ಕಡೆಯ ಕೆಲವು ಹಳೇ ಮನೆಗಳಲ್ಲಿ ಇನ್ನೂ ಮರದ ಪಟ್ಟಿ ಮೇಲಿನ ವೈರಿಂಗ್ ಇದೆ. ಬಗ್ಗಿಸಿದರೆ ಮೇಲಿನ ಹೊದಿಕೆ ಪುಡಿಪುಡಿಯಾಗಿ ಉದುರುತ್ತದೆ. ಒಳಗೆ ಅಲ್ಯೂಮಿನಿಯಂ ತಂತಿ ಇದ್ದರೂ ಇರಬಹುದು. ಅದಕ್ಕೆ ತಾಮ್ರದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಆ ಗಂಟು ಕಾಲಕ್ರಮೇಣ ಸಡಿಲವಾಗಿ ಬಿಸಿಯಾಗುತ್ತದೆ. ಅಂಥ ಕಡೆ ಬೋರ್ಡಿನಿಂದ ಹೊಸ ವೈರೇ ಎಳೆಯಬೇಕು.

ಯೂಟ್ಯೂಬ್ ನೋಡಿಕೊಂಡು ನಾನೇ ಮಾಡಿಬಿಡಲಾ?

ಫ್ಯಾನ್ ಇದ್ದ ಜಾಗಕ್ಕೆ ಇನ್ನೊಂದು ಫ್ಯಾನ್ ಹಾಕುವುದು ಒಂದು ಕೆಲಸ. ಲೈಟ್ ಪಾಯಿಂಟನ್ನು ಫ್ಯಾನ್ ಪಾಯಿಂಟ್ ಮಾಡುವುದು ಬೇರೆ ಕೆಲಸ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಹೀಗೇ ವಿಂಗಡಿಸುತ್ತವೆ. ಇದ್ದ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಲು ಅಡ್ಡಿಯಿಲ್ಲ. ವೈರಿಂಗಿಗೆ ಹೊಸದು ಸೇರಿಸುವುದು, ಇದ್ದದ್ದನ್ನು ಮಾರ್ಪಡಿಸುವುದು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ, ಅರ್ಹತಾ ಪ್ರಮಾಣಪತ್ರ ಇರುವವರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವವರ ಕೈಯಲ್ಲಿ ಆಗಬೇಕು.

ಈ ಪುಟ ಓದಿ ನೀವೇ ಏಣಿ ಹತ್ತಲಿ ಅಂತ ನಾನು ಬರೆಯುತ್ತಿಲ್ಲ. ಕೆಲಸದವರು ಬಂದಾಗ ಏನು ಕೇಳಬೇಕು, ಯಾವುದಕ್ಕೆ ಒಪ್ಪಬಾರದು ಅನ್ನುವುದು ಮನೆಯವರಿಗೆ ಗೊತ್ತಿರಬೇಕು. ಕೇಳುವವರಿದ್ದರೆ ಕೆಲಸ ಅಚ್ಚುಕಟ್ಟಾಗುತ್ತದೆ.

ಬೆಸ್ಕಾಂನವರಿಗೆ ತಿಳಿಸಬೇಕಾ? ಲೋಡ್ ಜಾಸ್ತಿ ಮಾಡಿಸಬೇಕಾ?

ಒಂದು ಫ್ಯಾನಿಗೆ ಬೇಡ. ಮೀಟರಿನಿಂದ ಈಚೆಗೆ ಇರುವ ವೈರಿಂಗ್ ನಿಮ್ಮ ಜವಾಬ್ದಾರಿ. ಕಂಬದಿಂದ ಮೀಟರಿನ ತನಕ ಏನಾದರೂ ತೊಂದರೆ ಕಂಡರೆ ಮಾತ್ರ 1912ಕ್ಕೆ ಫೋನ್ ಮಾಡಿ.

ಬಾಡಿಗೆ ಮನೆಯಲ್ಲಿದ್ದೀವಿ. ಓನರ್ ಏನಂತಾರೋ ಅಂತ ಭಯ.

ಮೊದಲೇ ಕೇಳಿ. ಮೋಲ್ಡಿಗೆ, ಅಂದರೆ ಕಾಂಕ್ರೀಟ್ ಸೂರಿಗೆ, ತೂತು ಕೊರೆಯುವ ಕೆಲಸ ಇದು. ಪೈಪುಗಳು ಯಾವ ಕಡೆ ಹೋಗಿವೆ ಅಂತ ಮನೆ ಕಟ್ಟಿಸಿದವರಿಗೇ ಗೊತ್ತಿರುತ್ತದೆ, ಆ ಮಾಹಿತಿಯೂ ಸಿಗುತ್ತದೆ. ಒಪ್ಪದಿದ್ದರೆ ಗೋಡೆ ಫ್ಯಾನ್ ತನ್ನಿ. ಅದನ್ನು ಮೂರು ಪಿನ್ನಿನ ಪ್ಲಗ್ಗಿಗೆ ಕೊಟ್ಟರೆ ಮುಗಿಯಿತು.

## ಸೂರು ಮತ್ತು ಹುಕ್ಕು

ಲೈಟ್ ಪಾಯಿಂಟಿನಲ್ಲಿ ಹುಕ್ಕೇ ಇಲ್ಲ. ಬರೀ ಪ್ಲಾಸ್ಟಿಕ್ ಡಬ್ಬ ಇದೆ. ಅದಕ್ಕೇ ಸ್ಕ್ರೂ ಹಾಕಿ ನಿಲ್ಲಿಸಬಹುದಾ?

ಖಂಡಿತ ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನೇ ಓದಿ.

ಆರ್‌ಸಿಸಿ ಮನೆಯಲ್ಲಿ ಫ್ಯಾನ್ ಬರುವ ಜಾಗಕ್ಕೆ ಮೋಲ್ಡ್ ಹಾಕುವ ಮುಂಚೆಯೇ ಫ್ಯಾನ್ ಬಾಕ್ಸ್ ಇಡುತ್ತಾರೆ. ಅದರೊಳಗಿನ ಸರಳನ್ನು ಮೋಲ್ಡಿನ ಕಂಬಿಗೆ ಕಟ್ಟಿರುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಆ ಸರಳು ಇಡೀ ಸೂರನ್ನು ಹಿಡಿದುಕೊಂಡಿರುತ್ತದೆ. ಲೈಟ್ ಪಾಯಿಂಟಿನ ಡಬ್ಬ ಹಾಗಲ್ಲ. ಅದು ವೈರ್ ಜೋಡಿಸುವುದಕ್ಕೆ ಇಟ್ಟಿರುವ ಪಿವಿಸಿ ಡಬ್ಬ ಅಷ್ಟೇ. ಅದರ ಸ್ಕ್ರೂ ಹಿಡಿದಿರುವುದು ಪ್ಲಾಸ್ಟಿಕ್ಕನ್ನು.

ಹುಕ್ಕಿಲ್ಲದ ಗಟ್ಟಿ ಮೋಲ್ಡಿಗೆ ಆಂಕರ್ ಬೋಲ್ಟ್ ಹಾಕುವುದೇ ದಾರಿ. ಹ್ಯಾಮರ್ ಡ್ರಿಲ್ಲಿನಲ್ಲಿ ತೂತು ಕೊರೆದು, ಒಳಗೆ ಹಿಗ್ಗಿ ಹಿಡಿದುಕೊಳ್ಳುವ ಕಬ್ಬಿಣದ ಬೋಲ್ಟ್ ಬಿಗಿಯಬೇಕು. ಫ್ಯಾನಿಗೆ ಅಂತಲೇ ಹುಕ್ಕಿರುವ ಆಂಕರ್ ಸಿಗುತ್ತದೆ. ನನಗೆ ಜಾಸ್ತಿ ನಂಬಿಕೆ ಇರುವುದು ನಾಲ್ಕು ಬೋಲ್ಟಿನ ಕಬ್ಬಿಣದ ಪ್ಲೇಟಿನ ಮೇಲೆ. ಪ್ಲೇಟಿನ ನಡುವೆ ಯು ಕ್ಲಾಂಪ್ ಇರುತ್ತದೆ, ಭಾರ ನಾಲ್ಕು ಕಡೆ ಹಂಚಿಹೋಗುತ್ತದೆ. ಒಂದು ಬೋಲ್ಟ್ ಸಡಿಲವಾದರೂ ಮೂರು ಹಿಡಿದಿರುತ್ತವೆ.

ಕೊರೆಯುವಾಗ ಎರಡು ಎಚ್ಚರಿಕೆ. ಮೊದಲು ಡಬ್ಬದ ಮುಚ್ಚಳ ತೆಗೆದು ಒಳಗೆ ಬೆಳಕು ಬಿಟ್ಟು ನೋಡಿ. ಪೈಪು ಯಾವ ಕಡೆಯಿಂದ ಒಳಗೆ ಬಂದಿದೆ ಅಂತ ಕಾಣುತ್ತದೆ. ಆ ದಿಕ್ಕಿನಲ್ಲಿ ತೂತು ಹಾಕಬೇಡಿ, ಪೈಪಿನೊಳಗಿನ ವೈರಿಗೇ ಡ್ರಿಲ್ ಹೋಗುತ್ತದೆ. ಎರಡನೆಯದು, ಮೇಲಿನ ಗಾರೆ ಪದರ ಲೆಕ್ಕಕ್ಕಿಲ್ಲ. ಬೋಲ್ಟ್ ಹಿಡಿಯಬೇಕಾದ್ದು ಅದರ ಆಚೆಗಿನ ಕಾಂಕ್ರೀಟನ್ನು. ಡ್ರಿಲ್ ಮೊದಲು ಸರಕ್ಕನೆ ಒಳಗೆ ಹೋಗಿ, ಅರ್ಧ ಇಂಚು ದಾಟಿದ ಮೇಲೆ ಕೈಗೆ ಗಟ್ಟಿಯಾಗಿ ತಾಗಬೇಕು. ಪೂರಾ ಸಲೀಸಾಗಿ ಹೋಯಿತು ಅಂದರೆ ಅಲ್ಲಿ ಆಂಕರ್ ಬೇಡ.

ಮಳೆಗಾಲದಲ್ಲಿ ಸೋರಿ, ಕಂಬಿ ತುಕ್ಕು ಹಿಡಿದು, ಗಾರೆ ಉದುರಿ ಕೆಂಪು ಕಲೆ ಕಾಣುತ್ತಿರುವ ಮೋಲ್ಡಿಗೆ ಯಾವ ಬೋಲ್ಟೂ ಹಾಕಬಾರದು. ಅದಕ್ಕೆ ಮೊದಲು ಮೇಸ್ತ್ರಿ ಬರಲಿ.

ನಮ್ಮದು ಮಧುಗಿರಿ ಕಡೆ ಕಲ್ಲು ಚಪ್ಪಡಿ ಮನೆ. ಅಜ್ಜನ ಕಾಲದ್ದು. ಅದಕ್ಕೆ ಫ್ಯಾನ್ ಹಾಕೋದು ಹೇಗೆ?

ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆ ಚಪ್ಪಡಿ ಮನೆಗಳು ಇನ್ನೂ ಬೇಕಾದಷ್ಟಿವೆ. ಬಿಸಿಲಲ್ಲಿ ಆ ಕಲ್ಲು ಕಾದು, ರಾತ್ರಿಯೆಲ್ಲಾ ಶಾಖ ಬಿಡುತ್ತಿರುತ್ತದೆ. ಫ್ಯಾನ್ ತೀರಾ ಬೇಕಾಗಿರುವುದೂ ಅವರಿಗೇ.

ಚಪ್ಪಡಿಗೆ ಹ್ಯಾಮರ್ ಡ್ರಿಲ್ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ಕಾಂಕ್ರೀಟಿನೊಳಗೆ ಕಂಬಿ ಇರುತ್ತದೆ, ಬಿರುಕು ಬಿಟ್ಟರೂ ಅದು ಹಿಡಿದುಕೊಳ್ಳುತ್ತದೆ. ಕಲ್ಲಿನಲ್ಲಿ ಹಾಗೆ ಹಿಡಿಯುವುದು ಏನೂ ಇಲ್ಲ. ಕಣ್ಣಿಗೆ ಕಾಣದ ಸಣ್ಣ ಎಳೆ ಬಿರುಕು ಮೊದಲೇ ಇದ್ದರೆ ಡ್ರಿಲ್ಲಿನ ಅದುರಿಗೆ ಅದು ಉದ್ದವಾಗಬಹುದು. ಮೇಲೆ ಮಣ್ಣು, ಸುಣ್ಣದ ಗಾರೆಯ ಭಾರವೂ ಕೂತಿರುತ್ತದೆ.

ಅಲ್ಲಿ ಎರಡು ದಾರಿ ಇವೆ. ಮೊದಲನೆಯದು, ಎದುರುಬದುರು ಗೋಡೆಗಳ ಮಧ್ಯೆ ಚಪ್ಪಡಿಯ ಕೆಳಗೆ ಒಂದೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಯಿಸುವುದು. ಎರಡೂ ತುದಿ ಗೋಡೆಯೊಳಗೆ ನಾಲ್ಕಾರು ಇಂಚು ಹೋಗಬೇಕು, ಸಿಮೆಂಟ್ ಹಾಕಿ ಒಣಗಲು ಬಿಡಬೇಕು. ಪೈಪಿಗೆ ಕ್ಲಾಂಪ್ ಹಾಕಿ ಅದರಲ್ಲಿ ಫ್ಯಾನ್ ನೇತುಹಾಕಬೇಕು. ರೂಮಿನ ಅಗಲ ಹತ್ತಡಿ ಒಳಗಿದ್ದರೆ ಇದು ಚೆನ್ನಾಗಿ ಆಗುತ್ತದೆ. ಅದಕ್ಕಿಂತ ಅಗಲವಾದರೆ ಪೈಪಿನ ಬದಲು ಕಬ್ಬಿಣದ ಆಂಗಲ್ ಅಥವಾ ಚಾನಲ್ ಬೇಕು. ಭಾರವೆಲ್ಲ ಗೋಡೆಗೆ ಹೋಗುತ್ತದೆ, ಚಪ್ಪಡಿಗೆ ಏನೂ ಗೊತ್ತಾಗುವುದಿಲ್ಲ. ಮಣ್ಣಿನ ಗೋಡೆಯಾದರೆ ತುದಿ ಕೂರುವ ಜಾಗದಲ್ಲಿ ಕಲ್ಲು ಅಥವಾ ಇಟ್ಟಿಗೆ ಇಟ್ಟು ಗಟ್ಟಿ ಮಾಡಿಸಿ.

ಇನ್ನೊಂದು ಹಳೇ ಪದ್ಧತಿ. ಎರಡು ಚಪ್ಪಡಿಗಳ ನಡುವಿನ ಸಂದಿನಲ್ಲಿ ಕಬ್ಬಿಣದ ರಾಡ್ ಇಳಿಸಿ, ಮೇಲ್ಗಡೆ ಎರಡೂ ಕಲ್ಲಿನ ಮೇಲೆ ಕೂರುವಂತೆ ಪ್ಲೇಟ್ ಕೊಡುವುದು. ಗಟ್ಟಿ ನಿಲ್ಲುತ್ತದೆ. ಆದರೆ ಮಾಳಿಗೆ ಮೇಲಿನ ಗಾರೆ ಒಡೆದು ಮತ್ತೆ ಮುಚ್ಚಬೇಕು. ಸರಿಯಾಗಿ ಮುಚ್ಚದಿದ್ದರೆ ಮಳೆ ನೀರು ಅದೇ ರಾಡ್ ಹಿಡಿದು ನೇರ ಫ್ಯಾನಿನ ಮೋಟಾರಿಗೆ ಇಳಿಯುತ್ತದೆ. ಮುಂಗಾರಿನ ಮುಂಚೆ ಮಾಡಿಸಿ, ಒಂದು ಮಳೆ ನೋಡಿ ಆಮೇಲೆ ಫ್ಯಾನ್ ಹಾಕಿ.

ಹಂಚಿನ ಮನೆ, ಶೀಟಿನ ಮನೆಗೂ ಆಗುತ್ತಾ?

ಹಂಚಿನ ಮನೆಯಲ್ಲಿ ತೊಲೆಗೆ ಹಾಕಿ, ಹಂಚು ಕೂರುವ ತೆಳ್ಳನೆ ರೀಪಿಗೆ ಬೇಡ. ಮೊದಲು ಸುತ್ತಿಗೆಯಲ್ಲಿ ತೊಲೆಯನ್ನು ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಗೆದ್ದಲು ತಿಂದಿದೆ. ಗಟ್ಟಿ ಇದ್ದರೆ ತೊಲೆಯನ್ನು ಸುತ್ತಿ ಹಿಡಿಯುವ ಕ್ಲಾಂಪ್ ಹಾಕಿ ಬೋಲ್ಟ್ ಮಾಡಬೇಕು. ಮರದೊಳಗೆ ತಿರುಪುವ ಕೊಕ್ಕೆ ಅದುರಿ ಅದುರಿ ಸಡಿಲವಾಗುತ್ತದೆ. ಶೀಟಿನ ಮನೆಯಲ್ಲಿ ಶೀಟು ಹೊತ್ತಿರುವ ಕಬ್ಬಿಣದ ಪೈಪಿಗೋ ಆಂಗಲ್ಲಿಗೋ ಕ್ಲಾಂಪ್ ಹಾಕಬೇಕು. ಸಿಮೆಂಟ್ ಶೀಟಿಗೆ ತೂತು ಹಾಕಬೇಡಿ. ಹಳೇ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ವಿಷ.

ಫಾಲ್ಸ್ ಸೀಲಿಂಗ್ ಮಾಡಿಸಿದ್ದೀವಿ, ಅದಕ್ಕೇ ಹಾಕಿದ್ರೆ?

ಜಿಪ್ಸಂ ಬೋರ್ಡಾಗಲಿ, ಅದನ್ನು ಹಿಡಿದಿರುವ ತಗಡಿನ ಪಟ್ಟಿಯಾಗಲಿ ಫ್ಯಾನ್ ಹೊರುವುದಿಲ್ಲ. ಬೋರ್ಡಿಗೆ ತೂತು ಮಾಡಿ, ಮೇಲಿನ ಮೋಲ್ಡಿಗೆ ಹುಕ್ಕು ಹಾಕಿ, ಉದ್ದನೆ ರಾಡಿನಲ್ಲಿ ಇಳಿಸಬೇಕು.

ಹುಕ್ಕು ಗಟ್ಟಿ ಇದೆ ಅಂತ ನಂಬೋದು ಹೇಗೆ?

ಕೆಲವರು ಹುಕ್ಕು ಹಿಡಿದು ಜೋತುಬಿದ್ದು ನೋಡುತ್ತಾರೆ. ಕಿತ್ತುಬಂದರೆ ಬೀಳುವವರು ಅವರೇ. ನಾನು ಅಕ್ಕಿ ಮೂಟೆ ಕಟ್ಟಿಸುತ್ತೇನೆ. 25 ಕೆಜಿ ಮೂಟೆಯನ್ನು ಗಟ್ಟಿ ಹಗ್ಗದಲ್ಲಿ ಹುಕ್ಕಿಗೆ ಕಟ್ಟಿ, ನೆಲದಿಂದ ಒಂದು ಗೇಣು ಮೇಲಿರುವಂತೆ ರಾತ್ರಿಯಿಡೀ ಬಿಡಿ. ಆ ರೂಮಿನಲ್ಲಿ ಯಾರೂ ಮಲಗಬಾರದು. ಬೆಳಿಗ್ಗೆ ಹುಕ್ಕಿನ ಬುಡ ನೋಡಿ. ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ, ಕೆಳಗೆ ನೆಲದ ಮೇಲೆ ಪುಡಿ ಬಿದ್ದಿದ್ದರೆ, ಬೋಲ್ಟ್ ಚೂರು ಕೆಳಗೆ ಸರಿದಿದ್ದರೆ ಅಲ್ಲಿಗೆ ಫ್ಯಾನ್ ಬೇಡ. ಮೂಟೆ ಫ್ಯಾನಿನ ಐದಾರು ಪಟ್ಟು ತೂಗುತ್ತದೆ, ಅಷ್ಟು ಹೊತ್ತರೆ ನೆಮ್ಮದಿಯಾಗಿ ಮಲಗಬಹುದು.

ಸೂರು ತುಂಬಾ ತಗ್ಗು. ಎಷ್ಟು ಎತ್ತರದಲ್ಲಿರಬೇಕು?

ರೆಕ್ಕೆಗಳು ನೆಲದಿಂದ ಕನಿಷ್ಠ ಎಂಟಡಿ ಮೇಲಿರಬೇಕು. ಸೂರಿನಿಂದ ಒಂದಡಿ ಕೆಳಗಿದ್ದರೆ ಗಾಳಿ ಚೆನ್ನಾಗಿ ಬರುತ್ತದೆ, ತೀರಾ ಹತ್ತಿರವಾದರೆ ಫ್ಯಾನಿಗೆ ಮೇಲಿನಿಂದ ಗಾಳಿ ಎಳೆದುಕೊಳ್ಳಲು ಜಾಗ ಇರುವುದಿಲ್ಲ. ಒಂಬತ್ತಡಿ ಸೂರಿಗೆ ಎರಡೂ ಹೊಂದುತ್ತವೆ. ಅದಕ್ಕಿಂತ ತಗ್ಗಿದ್ದರೆ ಸೂರಿಗೆ ಅಂಟಿಕೊಂಡಂತೆ ಕೂರುವ ಫ್ಯಾನುಗಳು ಬರುತ್ತವೆ, ಅವನ್ನು ನೋಡಿ. ಡಬ್ಬದಲ್ಲಿ ಬಂದ ರಾಡನ್ನು ಕತ್ತರಿಸಿ ಹೊಸ ತೂತು ಹೊಡೆಯುವುದು ಬೇಡ. ಕಂಪನಿಯದೇ ಗಿಡ್ಡ ರಾಡ್ ಸಿಗುತ್ತದೆ.

## ವೈರಿಂಗ್

ಮೇನ್ ಆಫ್ ಮಾಡಿದ್ದೀನಿ. ಆದ್ರೂ ಟೆಸ್ಟರ್ ಉರೀತಿದೆ. ಹೇಗೆ?

ಮನೆಯಲ್ಲಿ ಯುಪಿಎಸ್ ಇದೆ ಅಲ್ವಾ? ಅದೇ ಕಾರಣ.

ಯುಪಿಎಸ್‌ಗೆ ನೀವು ಮೇನ್ ಆಫ್ ಮಾಡಿದ್ದು ಗೊತ್ತಾಗುವುದಿಲ್ಲ. ಕರೆಂಟ್ ಹೋಯಿತು ಅಂತಷ್ಟೇ ಅದಕ್ಕೆ ಗೊತ್ತು. ಕೂಡಲೇ ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಯಾವ ಪಾಯಿಂಟುಗಳಿಗೆ? ಲೈಟು ಮತ್ತು ಫ್ಯಾನುಗಳಿಗೇ. ಅಂದರೆ ನೀವು ಏಣಿ ಹತ್ತಿ ಕೈ ಹಾಕುತ್ತಿರುವ ಜಾಗಕ್ಕೇ. ಬ್ಯಾಟರಿ ಕರೆಂಟ್ ತಾನೇ ಅಂತ ಹಗುರವಾಗಿ ನೋಡಬೇಡಿ. ಹೊರಗೆ ಬರುವಾಗ ಅದು ಕಂಬದ ಕರೆಂಟಿನಷ್ಟೇ ಜೋರು. ಪವರ್ ಕಟ್ ಇದ್ದ ಊರಲ್ಲೆಲ್ಲಾ ಯುಪಿಎಸ್ ಇದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೊದಲು ಯುಪಿಎಸ್ ಮುಂದಿನ ಸ್ವಿಚ್ ಆಫ್ ಮಾಡಿ, ಆಮೇಲೆ ಮೇನ್ ಆಫ್ ಮಾಡಿ. ಬೋರ್ಡಿನ ಹತ್ತಿರ ಮನೆಯವರೊಬ್ಬರನ್ನು ನಿಲ್ಲಿಸಿ, ಇಲ್ಲವೇ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್) ಮೇಲೆ ಟೇಪ್ ಅಂಟಿಸಿ. ಟೀವಿ ಬರಲಿಲ್ಲ ಅಂತ ಮಕ್ಕಳು ಬಂದು ಆನ್ ಮಾಡಿದ್ದು ಎಷ್ಟೋ ಮನೆಯಲ್ಲಿ ಆಗಿದೆ.

ಟೆಸ್ಟರನ್ನೂ ಪರೀಕ್ಷೆ ಮಾಡಬೇಕು. ಕರೆಂಟ್ ಇರುವ ಪ್ಲಗ್ಗಿಗೆ ಇಟ್ಟು ಉರಿಯುತ್ತದಾ ನೋಡಿ, ಎಲ್ಲ ಆಫ್ ಮಾಡಿದ ಮೇಲೆ ಪಾಯಿಂಟಿಗೆ ಇಡಿ, ಕೆಲಸ ಮುಗಿಸಿ ಆನ್ ಮಾಡಿದಾಗ ಮತ್ತೆ ಪ್ಲಗ್ಗಿನಲ್ಲಿ ನೋಡಿ. ಕೆಟ್ಟ ಟೆಸ್ಟರ್ ಎಲ್ಲ ವೈರಿಗೂ ಕರೆಂಟಿಲ್ಲ ಅಂತಲೇ ಹೇಳುತ್ತದೆ.

ಹೋಲ್ಡರ್ ಬಿಚ್ಚಿದರೆ ಎರಡು ವೈರ್ ಬದಲು ಐದು ವೈರ್ ಕಾಣ್ತಿದೆ. ಯಾವುದು ಯಾವುದು?

ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಆ ಡಬ್ಬದ ಮೂಲಕ ಪಕ್ಕದ ರೂಮಿಗೂ ಲೈನ್ ಹೋಗಿರುತ್ತದೆ. ಹೆಚ್ಚಾಗಿ ಕಪ್ಪು ವೈರುಗಳನ್ನು ಒಟ್ಟಿಗೆ ಗಂಟು ಹಾಕಿರುತ್ತಾರೆ, ಅದು ನ್ಯೂಟ್ರಲ್, ಕರೆಂಟ್ ವಾಪಸ್ ಹೋಗುವ ವೈರ್. ಆ ಗಂಟು ಬಿಚ್ಚಿ ಮತ್ತೆ ಸೇರಿಸದಿದ್ದರೆ ಪಕ್ಕದ ರೂಮು ಕತ್ತಲೆ. ಕೆಂಪು, ಹಳದಿ ಅಥವಾ ನೀಲಿ ಫೇಸ್, ಕರೆಂಟ್ ಬರುವ ವೈರ್. ಹಸಿರು ಅರ್ತ್.

ಬಣ್ಣವನ್ನೇ ನಂಬಿ ಕೂರಬೇಡಿ. ವೈರ್ ಮುಗಿದು ಕೈಗೆ ಸಿಕ್ಕಿದ ಬಣ್ಣ ಎಳೆದ ಮನೆಗಳಿವೆ. ಗೋಡೆ ಸ್ವಿಚ್ ಆನ್ ಮಾಡಿದಾಗ ಟೆಸ್ಟರ್ ಉರಿದು, ಆಫ್ ಮಾಡಿದಾಗ ನಿಂತರೆ ಅದೇ ಸ್ವಿಚ್ಚಿನಿಂದ ಬಂದ ಫೇಸ್. ಆಫ್ ಇದ್ದಾಗಲೂ ಉರಿಯುತ್ತಿದ್ದರೆ ಅದು ಮುಂದಕ್ಕೆ ಹೋಗುವ ಲೈನ್ ಇರಬಹುದು, ಇಲ್ಲವೇ ಹಿಂದಿನವರು ಸ್ವಿಚ್ಚನ್ನು ನ್ಯೂಟ್ರಲ್ ಮೇಲೆ ಹಾಕಿರಬಹುದು. ಎರಡನೆಯದಾದರೆ ಬೋರ್ಡ್ ಬಿಚ್ಚಿ ಮೊದಲು ಅದನ್ನು ಸರಿ ಮಾಡಬೇಕು. ಸ್ವಿಚ್ ಯಾವಾಗಲೂ ಫೇಸ್ ಮೇಲೇ ಇರಬೇಕು.

ಹಸಿರು ವೈರೇ ಇಲ್ಲ. ಇಷ್ಟು ವರ್ಷ ಲೈಟ್ ಚೆನ್ನಾಗೇ ಉರೀತಿತ್ತಲ್ಲ, ಅರ್ತ್ ಇಲ್ಲದಿದ್ರೆ ಏನಾಗುತ್ತೆ?

ಬಲ್ಬಿನ ಹೋಲ್ಡರ್ ಪ್ಲಾಸ್ಟಿಕ್. ಒಳಗೆ ಏನೇ ಆದರೂ ಕರೆಂಟ್ ನಮ್ಮ ಕೈಗೆ ತಾಗುವುದಿಲ್ಲ. ಫ್ಯಾನಿನ ಮೈಯೆಲ್ಲಾ ಲೋಹ. ಒಳಗಿನ ಸುತ್ತಿನ ತಂತಿಯ ಹೊದಿಕೆ ಎಲ್ಲೋ ಸವೆದು ಮೈಗೆ ತಾಗಿದರೆ ರಾಡು, ರೆಕ್ಕೆ ಎಲ್ಲದರಲ್ಲೂ ಕರೆಂಟ್. ಫ್ಯಾನ್ ಮಾತ್ರ ಎಂದಿನಂತೆ ತಿರುಗುತ್ತಿರುತ್ತದೆ. ಹಬ್ಬದ ಮುಂಚೆ ಒದ್ದೆ ಬಟ್ಟೆ ಹಿಡಿದು ರೆಕ್ಕೆ ಒರೆಸಲು ಮನೆಯ ಹೆಣ್ಣುಮಕ್ಕಳು ಸ್ಟೂಲ್ ಹತ್ತುತ್ತಾರೆ. ಅರ್ತ್ ಇದ್ದರೆ ಆ ಕರೆಂಟ್ ನೆಲಕ್ಕೆ ಹೋಗಿ ಎಂಸಿಬಿ ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬೀಳುತ್ತದೆ. ಇಲ್ಲದಿದ್ದರೆ ಅವರ ಮೂಲಕ ಹೋಗುತ್ತದೆ.

ಹಾಗಾಗಿ ಬೋರ್ಡಿನಿಂದ ಪಾಯಿಂಟಿಗೆ ಒಂದು ಹಸಿರು ವೈರ್ ಎಳೆಸಿ. ಪೈಪಿನಲ್ಲಿ ಜಾಗ ಇದ್ದರೆ ಸ್ಪ್ರಿಂಗ್ ಹಾಕಿ ಎಳೆಯುತ್ತಾರೆ. ಪೈಪು ಕಟ್ಟಿಕೊಂಡಿದ್ದರೆ ಗೋಡೆ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆದು ತರಬಹುದು. ನೋಡಲು ಚೆನ್ನಾಗಿರಲ್ಲ ಅಂತ ಬೇಡ ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನ್ಯೂಟ್ರಲ್ಲನ್ನೇ ಅರ್ತ್ ತುದಿಗೆ ಸೇರಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಕೆಲಸ ಅಲ್ಲೇ ನಿಲ್ಲಿಸಿ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಬಿಟ್ಟುಕೊಂಡ ಕ್ಷಣ ಫ್ಯಾನಿನ ಮೈಗೆ ಪೂರ್ತಿ ಕರೆಂಟ್ ಬರುತ್ತದೆ.

ಅರ್ತ್ ನಿಜವಾಗಲೂ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಆಸುಪಾಸು, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಇರಬೇಕು.

ರೆಗ್ಯುಲೇಟರ್ ಎಲ್ಲಿ ಹಾಕೋದು? ಬೋರ್ಡಲ್ಲಿ ಜಾಗ ಇಲ್ಲ.

ಸ್ವಿಚ್ಚಿನಿಂದ ಹೊರಟ ಫೇಸ್ ರೆಗ್ಯುಲೇಟರ್ ದಾಟಿ ಫ್ಯಾನಿಗೆ ಹೋಗಬೇಕು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಕಂಡೆನ್ಸರ್ (ಕೆಪಾಸಿಟರ್) ರೆಗ್ಯುಲೇಟರ್ ತನ್ನಿ. ಹಿಂದಿನ ದೊಡ್ಡ ಡಬ್ಬದಂಥವು ಕರೆಂಟನ್ನು ಶಾಖ ಮಾಡಿ ಕಳೆಯುತ್ತಿದ್ದವು. ಬೋರ್ಡಿನಲ್ಲಿ ಜಾಗ ಇಲ್ಲದಿದ್ದರೆ ಪಕ್ಕಕ್ಕೆ ಒಂದು ಸಣ್ಣ ಡಬ್ಬ ಕೂರಿಸಬಹುದು. ಬಲ್ಬಿನ ಬೆಳಕು ಕಮ್ಮಿ ಜಾಸ್ತಿ ಮಾಡುವ ಡಿಮ್ಮರ್ ಅಲ್ಲೇ ಇದ್ದರೆ ಅದನ್ನು ಫ್ಯಾನಿಗೆ ಬಳಸಬೇಡಿ. ಮೋಟಾರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ.

ಲೈಟೂ ಬೇಕು, ಫ್ಯಾನೂ ಬೇಕು. ಪಾಯಿಂಟ್ ಒಂದೇ ಇದೆ.

ಬೋರ್ಡಿನಿಂದ ಇನ್ನೊಂದು ಫೇಸ್ ವೈರ್ ಎಳೆಯಬೇಕು. ಹೇಗೂ ಅರ್ತ್‌ಗೆ ಸ್ಪ್ರಿಂಗ್ ಹಾಕುತ್ತಾರಲ್ಲ, ಅದರ ಜೊತೆಗೇ ಇದನ್ನೂ ಎಳೆಸಿ. ಲೈಟನ್ನು ಗೋಡೆಗೆ ಕೊಡಿ. ಫ್ಯಾನಿನ ಮೇಲ್ಗಡೆ ಸೂರಿನಲ್ಲೇ ಲೈಟ್ ಉಳಿಸಿದರೆ ರೆಕ್ಕೆಯ ನೆರಳು ರೂಮಿನ ತುಂಬಾ ಓಡಾಡುತ್ತದೆ, ಮಕ್ಕಳಿಗೆ ಓದಲು ಆಗುವುದಿಲ್ಲ. ಒಂದು ಲೈಟಿಂಗ್ ಸರ್ಕ್ಯೂಟಿನಲ್ಲಿ 10 ಪಾಯಿಂಟ್ ಅಥವಾ 800 ವಾಟ್ ದಾಟದಂತೆ ನೋಡಿಕೊಳ್ಳಿ.

ಬಿಎಲ್‌ಡಿಸಿ ಫ್ಯಾನ್ ತಗೊಳ್ಳೋದಾ, ಮಾಮೂಲಿದಾ? ಗೃಹಜ್ಯೋತಿ ಇರುವಾಗ ಕರೆಂಟ್ ಉಳಿಸಿ ಏನು ಮಾಡೋದು?

ಗೃಹಜ್ಯೋತಿ ಇರುವುದರಿಂದಲೇ ಲೆಕ್ಕ ಹಾಕಬೇಕು. 75 ವಾಟ್ ಫ್ಯಾನ್ ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 27 ಯೂನಿಟ್. ಬಿಎಲ್‌ಡಿಸಿ ಅಂದರೆ ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವ, ಕಮ್ಮಿ ಕರೆಂಟಿನಲ್ಲಿ ಓಡುವ ಫ್ಯಾನ್. 30 ವಾಟಿನದು ಅಷ್ಟೇ ಹೊತ್ತು ಓಡಿದರೆ 11 ಯೂನಿಟ್. 2023ರ ಜುಲೈನಲ್ಲಿ ಯೋಜನೆ ಶುರುವಾದಾಗ ಪ್ರತಿ ಮನೆಗೆ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಉಚಿತ ಯೂನಿಟ್ ಗೊತ್ತು ಮಾಡಿದರು. ಸರಾಸರಿ 70 ಇದ್ದವರಿಗೆ 77 ಬರುತ್ತದೆ. ಅದರ ಮೇಲೆ ಹೋದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳ ಪೂರಾ ಬಿಲ್ ಕಟ್ಟಬೇಕು. ಅಂಚಿನಲ್ಲಿರುವ ಮನೆಗೆ 16 ಯೂನಿಟ್ ಸಣ್ಣ ವ್ಯತ್ಯಾಸ ಅಲ್ಲ.

ಯುಪಿಎಸ್ ಮೇಲೆ ಓಡುವಾಗಲೂ ಬಿಎಲ್‌ಡಿಸಿಯಿಂದ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಆದರೆ ಅದಕ್ಕೆ ಗೋಡೆ ರೆಗ್ಯುಲೇಟರ್ ಇರಬಾರದು. ವೇಗ ಬದಲಿಸುವುದು ರಿಮೋಟಿನಲ್ಲಿ. ಬೋರ್ಡಿನಲ್ಲಿ ಹಳೇ ರೆಗ್ಯುಲೇಟರ್ ಇದ್ದರೆ ತೆಗೆಸಿ, ವೈರನ್ನು ನೇರ ಜೋಡಿಸಿ. ಅದರೊಳಗಿನ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಊರಿನ ವೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ರಿಪೇರಿ ಮಾಡುವುದಿಲ್ಲ, ಸರ್ವಿಸ್ ಹತ್ತಿರದಲ್ಲಿ ಇದೆಯಾ ಕೇಳಿ ತನ್ನಿ. ಯಾವುದೇ ಆದರೂ ಕರೆಂಟ್ ಉಳಿತಾಯ ತೋರಿಸುವ ಸ್ಟಾರ್ ಲೇಬಲ್ ನೋಡಿ, 2023ರಿಂದ ಸೀಲಿಂಗ್ ಫ್ಯಾನಿಗೆ ಅದು ಕಡ್ಡಾಯ.

## ಹಾಕುವಾಗ ಮತ್ತು ಹಾಕಿದ ಮೇಲೆ

ಕೆಲಸದವರು ಹೋಗುವ ಮುಂಚೆ ನಾನು ಏನು ನೋಡಬೇಕು?

ರಾಡಿನ ಮೇಲ್ತುದಿಯ ಬೋಲ್ಟ್ ಮತ್ತು ಕೆಳತುದಿಯ ಬೋಲ್ಟ್ ನೋಡಿ. ಎರಡಕ್ಕೂ ನಟ್ ಬಿಗಿದು, ಅದರಾಚೆ ಇರುವ ತೂತಿನಲ್ಲಿ ಸ್ಪ್ಲಿಟ್ ಪಿನ್ ಹಾಕಿ, ಅದರ ಎರಡು ಕಾಲನ್ನೂ ಆಚೆ ಈಚೆ ಬಗ್ಗಿಸಿರಬೇಕು. ಫ್ಯಾನಿನ ಅದುರಿಗೆ ನಟ್ ತಿರುಗಿ ಕಳಚದಂತೆ ತಡೆಯುವುದು ಆ ಪಿನ್ನೇ. ಡಬ್ಬದ ತಳದಲ್ಲಿ ಸಣ್ಣ ಪೊಟ್ಟಣದಲ್ಲಿ ಬರುತ್ತದೆ, ಕಳೆದುಹೋಗುವುದೂ ಅದೇ ಮೊದಲು. ಇಲ್ಲ ಅಂದರೆ ಹಾರ್ಡ್‌ವೇರ್ ಅಂಗಡಿಯಿಂದ ತರಿಸಿ. ತಂತಿ ಸುತ್ತಿ ನಿಲ್ಲಿಸಲು ಬಿಡಬೇಡಿ. ಹುಕ್ಕಿಗೆ ಕೂರುವ ರಬ್ಬರ್ ಬುಷ್ ಇದೆಯಾ, ಕಂಪನಿ ಸೇಫ್ಟಿ ತಂತಿ ಕೊಟ್ಟಿದ್ದರೆ ಅದನ್ನು ಕಟ್ಟಿದ್ದಾರಾ, ಹಸಿರು ವೈರ್ ತುದಿಗೆ ಸೇರಿದೆಯಾ ನೋಡಿ. ಹುಕ್ಕನ್ನು ಮುಚ್ಚುವ ಮೇಲಿನ ಬಟ್ಟಲು (ಕಪ್) ಸರಿಸಿ ಕೂರಿಸಿದ ಮೇಲೆ ಇದ್ಯಾವುದೂ ಕಾಣುವುದಿಲ್ಲ. ಮುಚ್ಚುವ ಮುಂಚೆಯೇ ನೋಡಬೇಕು.

ಹೊಸ ಫ್ಯಾನ್ ಅಲ್ಲಾಡ್ತಿದೆ. ಬೀಳುತ್ತಾ ಅಂತ ಹೆದರಿಕೆ.

ಹುಕ್ಕು ಮತ್ತು ಪಿನ್ ಸರಿ ಇದ್ದರೆ ಬೀಳುವುದಿಲ್ಲ. ಆದರೂ ನಿಲ್ಲಿಸಿ ನೋಡಿ. ರೆಕ್ಕೆಯ ಸ್ಕ್ರೂ ಸಡಿಲ ಇರಬಹುದು, ಸಾಗಿಸುವಾಗ ರೆಕ್ಕೆ ಬಗ್ಗಿರಬಹುದು. ಸೂರಿನಿಂದ ಪ್ರತಿ ರೆಕ್ಕೆಯ ತುದಿಗೆ ಅಳತೆ ಹಿಡಿಯಿರಿ, ಬಗ್ಗಿದ್ದು ಗೊತ್ತಾಗುತ್ತದೆ. ರೆಕ್ಕೆಗಳನ್ನು ತೂಕ ಹೊಂದಿಸಿ ಒಂದು ಜೊತೆಯಾಗಿ ಕೊಡುತ್ತಾರೆ. ಎರಡು ಫ್ಯಾನ್ ತಂದು ರೆಕ್ಕೆ ಅದಲುಬದಲಾದರೆ ಎರಡೂ ಅಲ್ಲಾಡುತ್ತವೆ.

ಜೋರಾಗಿ ತಿರುಗುತ್ತೆ, ಗಾಳಿನೇ ಬರಲ್ಲ.

ಕೆಳಗಿನಿಂದ ನೋಡಿದಾಗ ಮಾಮೂಲಿ ಫ್ಯಾನ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು. ಉಲ್ಟಾ ತಿರುಗುತ್ತಿದ್ದರೆ ಗಾಳಿ ಸೂರಿಗೆ ಹೋಗುತ್ತದೆ. ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದರೆ ಇದು ಸರಿಹೋಗದು. ಮೋಟಾರ್ ತಿರುಗಲು ಶುರು ಮಾಡಿಸುವ ಕೆಪಾಸಿಟರಿಗೆ ಹೋಗುವ ವೈರುಗಳು ತಪ್ಪಾಗಿವೆ, ಜೊತೆಗೆ ಬಂದ ಚೀಟಿಯ ಚಿತ್ರ ನೋಡಿ ಜೋಡಿಸಬೇಕು. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರಬಹುದು, ಅದರ ತುದಿಗೆ ಬರಿಗೈ ಹಾಕಬೇಡಿ.

ಫ್ಯಾನ್ ಆನ್ ಮಾಡಿದ ತಕ್ಷಣ ಆರ್‌ಸಿಸಿಬಿ ಬೀಳುತ್ತೆ. ಅದನ್ನ ತೆಗೆಸಿಬಿಡ್ಲಾ?

ತೆಗೆಸಬೇಡಿ. 30 ಮಿಲಿ ಆಂಪಿಯರ್ ಸೋರಿದರೂ ಬೀಳಲಿ ಅಂತಲೇ ಅದನ್ನು ಹಾಕಿರುವುದು. ಮೊದಲ ಅನುಮಾನ ನ್ಯೂಟ್ರಲ್ ಮೇಲೆ ಇರಲಿ. ಡಬ್ಬದಲ್ಲಿ ಐದಾರು ವೈರಿದ್ದಾಗ ಫ್ಯಾನಿನ ಫೇಸನ್ನು ಒಂದು ಸರ್ಕ್ಯೂಟಿನಿಂದ, ನ್ಯೂಟ್ರಲ್ಲನ್ನು ಇನ್ನೊಂದರಿಂದ ಕೊಟ್ಟುಬಿಟ್ಟಿರುತ್ತಾರೆ. ಯುಪಿಎಸ್ ಲೈನ್ ಇರುವ ಮನೆಯಲ್ಲಿ ಇದು ಮಾಮೂಲು. ಹೋದ ಕರೆಂಟ್ ಅದೇ ದಾರಿಯಲ್ಲಿ ವಾಪಸ್ ಬರದಿದ್ದರೆ ಆರ್‌ಸಿಸಿಬಿ ಸೋರಿಕೆ ಅಂತಲೇ ತಿಳಿಯುತ್ತದೆ. ನ್ಯೂಟ್ರಲ್ ಸರಿ ಇದ್ದರೆ ಮೇಲಿನ ಬಟ್ಟಲಿನೊಳಗೆ ವೈರ್ ಸಿಕ್ಕಿ ಸಿಪ್ಪೆ ಸುಲಿದಿದೆಯಾ ನೋಡಿ. ಅದೂ ಇಲ್ಲ ಅಂದರೆ ಫ್ಯಾನಿನೊಳಗೇ ದೋಷ, ವಾರಂಟಿ ಕಾರ್ಡ್ ತೆಗೆದುಕೊಂಡು ಅಂಗಡಿಗೆ ವಾಪಸ್ ಕೊಡಿ.

ಹಳ್ಳಿಯಲ್ಲಿ ಸಂಜೆ ಫ್ಯಾನ್ ಆಮೆ ಥರ ತಿರುಗುತ್ತೆ. ವೈರಿಂಗ್ ತಪ್ಪಾ?

ಸಂಜೆ ಮಾತ್ರ ಅಂದರೆ ವೋಲ್ಟೇಜ್ ಕಮ್ಮಿಯಾಗುತ್ತಿದೆ. ತೋಟದ ಮೋಟಾರುಗಳೂ ಮನೆಗಳೂ ಒಂದೇ ಟ್ರಾನ್ಸ್‌ಫಾರ್ಮರ್ ಮೇಲಿದ್ದರೆ ಹೀಗಾಗುತ್ತದೆ. ಮಾಮೂಲಿ ಫ್ಯಾನ್ ವೋಲ್ಟೇಜ್ ಇಳಿದಂತೆ ನಿಧಾನವಾಗುತ್ತದೆ. ಬಿಎಲ್‌ಡಿಸಿ ಸಾಕಷ್ಟು ಕಮ್ಮಿ ವೋಲ್ಟೇಜಿನಲ್ಲೂ ಅದೇ ವೇಗದಲ್ಲಿ ತಿರುಗುತ್ತದೆ. ಹಳ್ಳಿ ಮನೆಗೆ ನಾನು ಅದನ್ನು ಹೇಳುವುದಕ್ಕೆ ಇದೂ ಒಂದು ಕಾರಣ. ಹಗಲೂ ರಾತ್ರಿ ನಿಧಾನ, ಕೈಯಲ್ಲಿ ತಳ್ಳಿದರೆ ಮಾತ್ರ ಶುರುವಾಗುತ್ತದೆ ಅಂದರೆ ಕೆಪಾಸಿಟರ್ ಸೋತಿದೆ. ಹಳೆಯದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಸಂಖ್ಯೆ, ಹೆಚ್ಚಾಗಿ 2.5 ಇರುತ್ತದೆ, ಅದನ್ನೇ ನೋಡಿ ತನ್ನಿ. ಜೋರಾಗಿ ತಿರುಗಲಿ ಅಂತ ಅದಕ್ಕಿಂತ ದೊಡ್ಡದು ಹಾಕಿದರೆ ಸುತ್ತು ಸುಡುತ್ತದೆ.